ಶೈಲಾಳ ರೆಕ್ಕೆ, ಹೇಮಾವತಿಯ ಮೆಕ್ಕೆಜೋಳ

ಗುರುಸ್ವಾಮಿ ಕಟ್ಟಿದ ಎಂಜಿನ್ನು ನೆಲದಿಂದ ಎತ್ತಬಲ್ಲ ಜೀವ ಆ ಮನೆಯಲ್ಲಿ ಇದ್ದದ್ದು ಒಂದೇ. ಅದು ಅವನ ಹೆಂಡತಿ ಶೈಲಾ.

ಗುರುಸ್ವಾಮಿ ಜಗಳೂರಿನಲ್ಲಿ ಬೈಕು, ನೀರಿನ ಪಂಪು, ಔಷಧಿ ಹೊಡೆಯುವ ಮೆಷಿನ್ನು, ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚಿ ಜೋಡಿಸುವ ಮನುಷ್ಯ. ಮೈಸೂರು ಕಡೆಯವರು ಯಾರೋ ಕೆಟ್ಟುಹೋದ ಪ್ಯಾರಾಮೋಟರ್ ಒಂದನ್ನು ಅವನ ಅಂಗಡಿಯಲ್ಲಿ ಬಿಟ್ಟುಹೋದವರು ವಾಪಸ್ಸು ಬರಲೇ ಇಲ್ಲ. ಬೆನ್ನಿಗೆ ಕಟ್ಟಿಕೊಳ್ಳುವ ದೊಡ್ಡ ಫ್ಯಾನು, ತಲೆಯ ಮೇಲೆ ದಾರಗಳಿಗೆ ಜೋತುಬಿದ್ದ ಬಟ್ಟೆಯ ರೆಕ್ಕೆ, ಕೈಯಲ್ಲಿ ಒಂದು ಎಕ್ಸಲೇಟರ್, ಇಷ್ಟೇ ಅದು. ಗುರುಸ್ವಾಮಿ ಅದಕ್ಕೆ ಬೇರೆ ಬೇರೆ ಗಾಡಿಗಳ ಅಂಗಾಂಗಗಳನ್ನು ಕೂಡಿಸಿ ಜೀವ ಬರಿಸಿದ. ಮೊದಲು ತಾನೇ ಕಟ್ಟಿಕೊಂಡು ಓಡಿದ. ಎಂಜಿನ್ನು ಅವನನ್ನು ಹೊಲದುದ್ದಕ್ಕೂ ಹಿಂದಿನಿಂದ ನೂಕಿತೇ ಹೊರತು ಎತ್ತಲಿಲ್ಲ. ಉಂಡು ಉಂಡು ಅಷ್ಟು ತೂಕವಾಗಿದ್ದ ಮನುಷ್ಯ. ಅವನ ತಾಯಿ ಗಾದ್ರಮ್ಮನಿಗೆ ಕಟ್ಟಿಕೋ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಶೈಲಾ ದುಪಟ್ಟಾ ತೆಗೆದಿಟ್ಟು, ಚೂಡಿದಾರದ ಮೇಲೆ ಗಂಡನ ಜಾಕೆಟ್ಟು ಹಾಕಿಕೊಂಡು ಓಡಿದಳು. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ನೆಲ ಸಿಗಲಿಲ್ಲ.

ಆಮೇಲೆ ಮೈಸೂರಿಗೆ ಹೋಗಿ ಕ್ರಮಬದ್ಧವಾಗಿ ಕಲಿತು ಬಂದಳು. ಆದರೂ ಊರಿನವರು ಅವಳನ್ನು ಹೊಗಳಲಿಲ್ಲ. "ಗುರುಸ್ವಾಮಿ ಎಂಥ ಎಂಜಿನ್ ಮಾಡ್ಯಾನೆ ನೋಡ್ರಿ" ಎಂದರು. ಶೈಲಾ ಅವರ ಕಣ್ಣಿಗೆ ಎಂಜಿನ್ನಿನ ತಾಕತ್ತು ತೋರಿಸಲು ಕಟ್ಟಿದ ತೂಕದ ಕಲ್ಲು.

ಅವಳಿಗೆ ಅದೇ ಉರಿಯುತ್ತಿತ್ತು. ಹೊನ್ನಾಳಿಯಲ್ಲಿ ಪ್ಯಾರಾಮೋಟರ್ ಸ್ಪರ್ಧೆ ಇದೆ, ಗೆದ್ದ ಒಬ್ಬರು ನಮ್ಮ ಸೀಮೆಯಿಂದ ದೊಡ್ಡ ಪಂದ್ಯಕ್ಕೆ ಹೋಗುತ್ತಾರೆ ಎಂದು ಕೇಳಿದ ದಿನವೇ ಹೆಸರು ಕೊಟ್ಟಳು. ಎತ್ತರ ಹಾರುವ ಪಂದ್ಯ ಅದಲ್ಲ. ನೆಲ ಸವರುವ ಪಂದ್ಯ. ಸುಣ್ಣದ ಗೆರೆ ಎಳೆದ ಉದ್ದನೆಯ ಪಟ್ಟಿಯ ಮೇಲೆ ರೆಕ್ಕೆ ಹಾರುತ್ತಲೇ ಇರಬೇಕು, ಎರಡೂ ಕಾಲು ನೆಲವನ್ನು ಸವರುತ್ತಲೇ ಇರಬೇಕು. ಓಡಬಾರದು, ಕೂರಬಾರದು, ಮೇಲೇಳಬಾರದು. ಕಾಲು ನೆಲ ಬಿಟ್ಟ ಜಾಗಕ್ಕೆ ಲೆಕ್ಕ ಮುಗಿಯಿತು, ಹೆಚ್ಚು ದೂರ ಸವರಿದವರು ಗೆದ್ದರು.

ಕಲಿಸಲು ನ್ಯಾಮತಿಯಿಂದ ಗೋಣೆಪ್ಪ ಬಂದ. ವಾಯುಪಡೆಯಲ್ಲಿದ್ದು ನಿವೃತ್ತನಾದವನು. ಅಲ್ಲಿ ಅವನು ಮಾಡಿದ್ದು ಪ್ಯಾರಾಚೂಟ್ ಮಡಚುವ ಕೆಲಸ, ಒಂದು ದಿನವೂ ಹಾರಿದವನಲ್ಲ. ಹಾರಿದವನು ಬರೀ ತನ್ನ ಅನುಭವ ಹೇಳುತ್ತಾನೆ, ಹಾರದವನು ಎಲ್ಲರ ಅನುಭವ ಹೇಳಬಲ್ಲ ಎಂಬುದು ಅವನ ವಾದ. ಮೊಪೆಡ್ಡಿನ ಮೇಲೆ ಅವಳ ಪಕ್ಕದಲ್ಲೇ ಓಡಿಸುತ್ತ ಕೂಗುವುದು ಅವನ ಕ್ರಮ.

"ಕಾಲು ನೋಡಬ್ಯಾಡವ್ವಾ! ಕಾಲು ಎಲ್ಲಿಗೂ ಹೋಗಲ್ಲ, ಅಲ್ಲೇ ಇರ್ತದೆ! ದೂರ ನೋಡು, ದೂರ!"

ಹೇಳಿದ್ದು ಸರಿಯೇ. ಎಕ್ಸಲೇಟರ್ ಒತ್ತಿದರೆ ಎಂಜಿನ್ನು ಕೂಡಲೇ ಮಾತು ಕೇಳುವುದಿಲ್ಲ, ಒಂದು ಉಸಿರು ತಡ ಮಾಡುತ್ತದೆ. ಕಾಲು ಮೇಲೇಳುತ್ತಿದೆ ಎಂದು ಕಂಡ ಮೇಲೆ ಬಿಟ್ಟರೆ ಆಗಲೇ ಮೊಣಕಾಲೆತ್ತರ ಎದ್ದಾಗಿರುತ್ತದೆ. ಏಳುವ ಮೊದಲೇ ಏಳುತ್ತೇನೆಂದು ಗೊತ್ತಾಗಬೇಕು, ಒಲೆಯ ಮೇಲಿನ ಹಾಲಿನ ಹಾಗೆ.

ತೊಂದರೆ ಬಂದದ್ದು ನೆಲದ್ದು. ಸುಗ್ಗಿಯ ಕಾಲ. ಆ ದಿನಗಳಲ್ಲಿ ಜಗಳೂರು ತಾಲ್ಲೂಕಿನಲ್ಲಿ ಚಪ್ಪಟೆಯಾಗಿ ಏನು ಕಂಡರೂ ಅದರ ಮೇಲೆ ಮೆಕ್ಕೆಜೋಳ ಬೀಳುತ್ತದೆ. ಕಣ, ಅಂಗಳ, ತಾರು ರಸ್ತೆಯ ಅರ್ಧ ಭಾಗ, ಶಾಲೆಯ ಆಟದ ಬಯಲು, ಎಲ್ಲ ಹಳದಿ. ಶೈಲಾಳ ಮನೆಯ ಉದ್ದನೆಯ ಕಣವೂ ಹಳದಿಯಾಯಿತು. ಒಣಹಾಕಿದ ಜೋಳವನ್ನು ಹಾಗೇ ಬಿಡುವಂತಿಲ್ಲ. ಅದರೊಳಗೆ ಕಾಲೆಳೆಯುತ್ತ ಆ ತುದಿಯಿಂದ ಈ ತುದಿಗೆ ಸಾಲು ಹೊಡೆಯುತ್ತ ಹೋಗಬೇಕು. ಕೆಳಗಿನ ಕಾಳು ಮೇಲೆ ಬರಬೇಕು, ಬಿಸಿಲು ಕಾಣಬೇಕು. ಇದಕ್ಕೆ ಕಾಲಾಡಿಸುವುದು ಎನ್ನುತ್ತಾರೆ. ಗಾದ್ರಮ್ಮನ ಮನೆಯಲ್ಲಿ ಅದು ಸೊಸೆಯ ಕೆಲಸ.

"ಅತ್ತೆ, ಒಂದು ಪಟ್ಟಿಯಷ್ಟು ಜಾಗ ಬಿಡಿಸಿಕೊಡ್ರಿ. ಸ್ಪರ್ಧೆ ಹತ್ರ ಬಂತು" ಎಂದಳು ಶೈಲಾ.

"ಏನು ಮಾಡ್ತೀಯ ಆ ಪಟ್ಟೀಲಿ?"

"ಕಾಲು ನೆಲಕ್ಕೆ ತಾಗಿಸಿಕೊಂಡು ಈ ತುದಿಯಿಂದ ಆ ತುದಿಗೆ ಹೋಗ್ತೀನಿ."

ಗಾದ್ರಮ್ಮ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. "ಅದನ್ನೇ ಅಲ್ಲೇನು ನಾನು ಬೆಳಿಗ್ಗೆಯಿಂದ ಮಾಡು ಅಂತ ಬಡ್ಕೊಳ್ಳೋದು? ಜ್ವಾಳದಾಗೇ ಮಾಡು. ನಿನ್ನ ಹಾರಾಟನೂ ಆತು, ನನ್ನ ಜ್ವಾಳನೂ ಒಣಗ್ತು."

ಗೋಣೆಪ್ಪ ಇದು ನಿಯಮದಲ್ಲಿಲ್ಲ ಎಂದ. ಗಾದ್ರಮ್ಮ, ಮೊಪೆಡ್ಡು ಜ್ವಾಳದ ಮೇಲೆ ಬಂದರೆ ಚಕ್ರದ ಗಾಳಿ ಬಿಡ್ತೀನಿ, ಅದೂ ನಿಯಮದಲ್ಲಿಲ್ಲ ಎಂದಳು. ಗೋಣೆಪ್ಪ ಮೊಪೆಡ್ಡು ನಿಲ್ಲಿಸಿ ನಡೆದುಕೊಂಡೇ ಕಲಿಸತೊಡಗಿದ.

ಮೊದಲ ದಿನ ಶೈಲಾ ಜೋಳದಲ್ಲಿ ಮುಗ್ಗರಿಸಿ, ಬೆನ್ನ ಮೇಲಿನ ಫ್ಯಾನು ಸಮೇತ ರಾಶಿಯೊಳಗೆ ನುಗ್ಗಿದಳು. ಕಾಳು ಅಂಗಿಯೊಳಗೆ, ಕಿವಿಯೊಳಗೆ. ಗಾದ್ರಮ್ಮ ಓಡಿ ಬಂದದ್ದು ಜೋಳದ ಕಡೆಗೆ. ನೆಲದ ಮೇಲೆ ಸವರಿದ ಹಾಗೆ ಬೆರಳ ತುದಿ ತಾಗಿಸಿದರೆ ಕಾಳು ಹಿಡಿದೆಳೆಯುತ್ತದೆ, ಮೈ ಮುಂದಕ್ಕೆ ಬೀಳುತ್ತದೆ. ಹಿಮ್ಮಡಿ ಊರಿದರೆ ಕುಂಡೆ ನೆಲಕ್ಕೆ. ಪಾದವನ್ನು ದೋಣಿಯ ತಳದ ಹಾಗೆ ಚಪ್ಪಟೆ ಇಟ್ಟು, ಸೊಂಟ ಸಡಿಲ ಬಿಟ್ಟು, ಎಂಜಿನ್ನನ್ನು ಬಿಸಿ ಅನ್ನದ ತುತ್ತಿನ ಹಾಗೆ ಮೆಲ್ಲಗೆ ಹಿಡಿದುಕೊಂಡರೆ ಮಾತ್ರ ಕಾಲಿನ ಹಿಂದೆ ಎರಡು ಸಾಲು ಚೆಂದಾಗಿ ಬೀಳುತ್ತಿತ್ತು. ಗಾದ್ರಮ್ಮ ಆ ಸಾಲಿನುದ್ದಕ್ಕೂ ಬಗ್ಗಿ ನೋಡುತ್ತ ಬರುತ್ತಿದ್ದಳು.

"ಇಲ್ಲಿ ಬಿಟ್ಟೀಯ ನೋಡು. ಕಾಳು ಹಂಗೇ ಮಲಗ್ಯಾವೆ. ಇನ್ನೊಂದು ಸುತ್ತು ಬಾ."

"ಅತ್ತೆ, ಒಂದು ಮುಷ್ಟಿಯಷ್ಟು ಜಾಗ ಅದು!"

"ಬೂಸ್ಟು ಹಿಡಿಯಾಕೆ ಮುಷ್ಟಿ ಸಾಕು. ಬಾ."

ದಿನ ಕಳೆದ ಹಾಗೆ ಸಾಲು ನೆಟ್ಟಗಾಯಿತು. ಫ್ಯಾನಿನ ಗಾಳಿಗೆ ಹೊಟ್ಟು ಹಾರಿಹೋಗಿ ಕಾಳು ಬೋಳಾಗಿ ಮಿಂಚುತ್ತಿತ್ತು. ಅದನ್ನು ಕಂಡ ಮೇಲೆ ಗಾದ್ರಮ್ಮನ ಕಣ್ಣು ಫ್ಯಾನಿನ ಮೇಲೆ ನೆಟ್ಟಿತು. ಅಕ್ಕಪಕ್ಕದವರು ತಮ್ಮ ಜೋಳವನ್ನೂ ತಂದು ಕಣದ ಮುಂದಕ್ಕೆ ಸುರಿದರು. ಕಣ ಮುಗಿದಲ್ಲಿ ಯರ್ರಿಸ್ವಾಮಿಯ ಜೋಳ, ಅದು ಮುಗಿದಲ್ಲಿ ಓಬಣ್ಣನದು. ಶೈಲಾ ಒಂದು ಸಲ ಇಳಿದರೆ ಮೂರು ಮನೆಯ ಜೋಳ ತಿರುವಿ ಏಳಬೇಕು. ಓಬಣ್ಣ ಒಂದು ದಿನ ಬಂದು, "ನಮ್ಮದ್ರಾಗೆ ಸ್ವಲ್ಪ ಜೋರು ಹೋಗ್ತಾಳೆ, ಸಾಲು ಆಳ ಆಗಾಂಗಿಲ್ಲ, ಭೇದ ಮಾಡಬಾರ್ದು" ಎಂದು ಜಗಳ ತೆಗೆದ.

ಆದರೂ ಊರಿನ ಮಾತು ಬದಲಾಗಲಿಲ್ಲ. ಈಗ "ಗಾದ್ರಮ್ಮ ಎಂಥ ಉಪಾಯ ಮಾಡ್ಯಾಳೆ" ಎಂದರು.

ಹೊನ್ನಾಳಿಗೆ ಹೊರಡುವ ಹಿಂದಿನ ಸಂಜೆ ಊಟಕ್ಕೆ ಕೂತಾಗ ಗಾದ್ರಮ್ಮ ಮಗನಿಗೆ ತೀರ್ಮಾನ ಹೇಳಿದಳು. "ನಾಳೆ ಆರಿಸಿದ್ರೆ ಹಾರ್ಲಿ, ಪುಣ್ಯ ಬರ್ಲಿ. ಆರಿಸ್ಲಿಲ್ಲ ಅಂದ್ರೆ ಆ ಫ್ಯಾನು ಬಿಚ್ಚಿ ಕಣದ ಮೂಲೆಗೆ ಕಂಬಕ್ಕೆ ಬಿಗಿ. ಜ್ವಾಳ ತೂರಾಕೆ ಗಾಳಿ ಕಾಯೋದು ತಪ್ತದೆ."

ಗುರುಸ್ವಾಮಿ ಹೆಂಡತಿಯ ಕಡೆ ನೋಡಿದ. ತಾಯಿಯ ಕಡೆ ನೋಡಿದ. ಆಮೇಲೆ ಮುದ್ದೆಯ ಕಡೆ ನೋಡಿ, "ಎಂಥ ಕಂಬ ಬೇಕಾಗ್ತದೆ?" ಎಂದ.

ಶೈಲಾ ಅವತ್ತು ಅವನಿಗೆ ಎರಡನೇ ಸಲ ಸಾರು ಬಡಿಸಲಿಲ್ಲ.

ಹೊನ್ನಾಳಿಯ ಹೊರಗೆ ಬಯಲನ್ನು ಸ್ಪರ್ಧೆಯವರು ಜೆಸಿಬಿ ತರಿಸಿ ಮಟ್ಟ ಮಾಡಿ, ಕಲ್ಲು ಆರಿಸಿ, ನೀರು ಚಿಮುಕಿಸಿ, ರೋಲರ್ ಉರುಳಿಸಿ ತಟ್ಟೆಯ ಹಾಗೆ ಮಾಡಿಟ್ಟಿದ್ದರು. ಬೆಳಿಗ್ಗೆ ಎಲ್ಲರೂ ಬಂದು ನೋಡಿದರೆ ಬಯಲು ತುಂಬ ಮೆಕ್ಕೆಜೋಳ. ಸುಣ್ಣದ ಪಟ್ಟಿ ಎಲ್ಲಿದೆ ಎಂದೇ ಗೊತ್ತಾಗುವ ಹಾಗಿರಲಿಲ್ಲ. ಬದಿಯಲ್ಲಿ ಕೊಡೆಯ ಕೆಳಗೆ ಒಬ್ಬ ಹೆಂಗಸು ನೆಮ್ಮದಿಯಾಗಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು.

ಮುಖ್ಯ ತೀರ್ಪುಗಾರ ಮಲ್ಲೇಶಪ್ಪ ಕೊರಳಿಗೆ ಸೀಟಿ ನೇತುಹಾಕಿಕೊಂಡು ಅವಳ ಹತ್ತಿರ ಓಡಿದ. "ಯಾರದಮ್ಮ ಇದು?"

"ನಂದೇ ರೀ. ಹೇಮಾವತಿ ಅಂತ. ತುಳಿದ್ರಾ?"

"ಇಲ್ಲಿ ಇವತ್ತು ಸ್ಪರ್ಧೆ ಐತೆ ತಾಯಿ! ಈ ನೆಲ ಸ್ಪರ್ಧೆಗೆ ಮಾಡಿಸಿದ್ದು!"

"ಬಾಳ ಚಲೋ ಮಾಡಿಸೀರಿ. ಒಂದು ಕಲ್ಲಿಲ್ಲ, ಒಂದು ಹುಲ್ಲಿಲ್ಲ. ಇಂಥ ನೆಲ ಖಾಲಿ ಬಿಟ್ರೆ ಯಾರಿಗೆ ಒಳ್ಳೇದಾಗ್ತದೆ ಹೇಳ್ರಿ?"

"ನಾವು ಹಾರೋದು ಎಲ್ಲಿ?"

ಹೇಮಾವತಿ ಮಂಡಕ್ಕಿಯ ಕೈಯನ್ನು ಮೇಲೆತ್ತಿ ಆಕಾಶ ತೋರಿಸಿದಳು. "ಅಷ್ಟು ಜಾಗ ಐತಲ್ರೀ ಅಲ್ಲಿ. ಹಾರಾಕೆ ಬಂದೋರಿಗೆ ನೆಲ ಯಾಕೆ?"

ಮಲ್ಲೇಶಪ್ಪ ಬಯಲಿನ ಕಡೆ ತಿರುಗಿದ. ಅಷ್ಟನ್ನೂ ಗುಡಿಸಿ ತೆಗೆಯಲು ಸಂಜೆಯಾಗುತ್ತದೆ. ಕೊನೆಗೆ ನಿಯಮದ ಪುಸ್ತಕ ತಿರುವಿ, ನೆಲ ಎಲ್ಲರಿಗೂ ಒಂದೇ ಸಮನಾಗಿದ್ದರೆ ಸಾಕು ಎಂಬ ಸಾಲು ಹುಡುಕಿ, ಜೋಳದ ಮೇಲೆಯೇ ಹಗ್ಗ ಎಳೆಸಿ ಪಟ್ಟಿ ಮಾಡಿಸಿದ. ಹೇಮಾವತಿ ಒಂದೇ ಷರತ್ತು ಹಾಕಿದಳು. ಹಾರುವವರು ಬೂಟು ಒರೆಸಿಕೊಂಡು ಹಾರಬೇಕು.

ದೂರದೂರಿನಿಂದ ಬಂದವರಲ್ಲಿ ಇಬ್ಬರು ಜೋಳ ನೋಡಿಯೇ ಗಾಡಿ ತಿರುಗಿಸಿದರು. ಮೂವರು ಹಾರಿ, ಇಳಿದು, ಬಿದ್ದರು. ಬಿದ್ದವರ ಜೇಬು ಝಾಡಿಸಿ ಕಾಳು ವಾಪಸ್ಸು ಪಡೆಯುವವರೆಗೆ ಹೇಮಾವತಿ ಬಿಡಲಿಲ್ಲ.

ಆಮೇಲೆ ಕೊಟ್ರೇಶ್ ಬಂದ. ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯ ಹುಡುಗ. ಹೊಸ ರೆಕ್ಕೆ, ಹೊಸ ಎಂಜಿನ್ನು, ಗತ್ತಿದ್ದರೂ ಮನಸ್ಸು ಒಳ್ಳೆಯದು. ಸೂಳೆಕೆರೆಯ ನೀರಿನ ಮೇಲೆ ಹೆಬ್ಬೆರಳು ತಾಗಿಸಿಕೊಂಡು ಅಭ್ಯಾಸ ಮಾಡಿದವನು. ನೀರಿನ ಮೇಲೆ ಅವನು ಎಳೆದ ಗೆರೆ ನೋಡಲು ಬಸವಾಪಟ್ಟಣದಿಂದ ಜನ ಬರುತ್ತಿದ್ದರಂತೆ.

"ಅಕ್ಕಾ, ನಿಮ್ಮ ಎಂಜಿನ್ನಿನಾಗೆ ಲೂನಾ ಸದ್ದು ಬರ್ತತಲ್ಲ" ಎಂದ.

"ಅರ್ಧ ಲೂನಾನೇ ಅದು" ಎಂದಳು ಶೈಲಾ. "ನೀನು ಬೆರಳು ಜ್ವಾಕಿ ನೋಡ್ಕೊ."

ಕೊಟ್ರೇಶ್ ಪಟ್ಟಿಯ ಅರ್ಧ ದಾಟುವವರೆಗೆ ಚೆಂದವಾಗಿಯೇ ಹೋದ. ಅಲ್ಲಿ ಜೋಳ ಸ್ವಲ್ಪ ದಪ್ಪ ಇತ್ತು. ನೀರು ಕಲಿಸಿದ ಹೆಬ್ಬೆರಳು ಕಾಳಿನೊಳಗೆ ಹೂತಿತು. ಮುಂದಕ್ಕೆ ಬಾಗಿದ, ನಮಸ್ಕಾರ ಮಾಡುವವನ ಹಾಗೆ ಕೈ ಚಾಚಿದ, ಹಾಗೇ ಮಲಗಿದ. ಮಲ್ಲೇಶಪ್ಪ ಅವನ ಕಾಲು ನಿಂತ ಜಾಗಕ್ಕೆ ಒಂದು ಕೆಂಪು ಬಾವುಟ ಊರಿದ. ಇಲ್ಲಿಯವರೆಗೆ ಯಾರೂ ಅಷ್ಟು ದೂರ ಬಂದಿರಲಿಲ್ಲ.

ಉಳಿದವಳು ಶೈಲಾ ಒಬ್ಬಳೇ. ಆ ಬಾವುಟ ದಾಟಿದರೆ ಅವಳು. ದಾಟದಿದ್ದರೆ ಕಣದ ಮೂಲೆಯ ಕಂಬ.

ಅಷ್ಟರಲ್ಲಿ ನ್ಯಾಮತಿ ಕಡೆಯ ಆಕಾಶ ಕಪ್ಪಿಟ್ಟಿತು. ಗೋಣೆಪ್ಪ ತನ್ನ ಊರಿನ ಮೋಡದ ಜವಾಬ್ದಾರಿ ತನ್ನದೇ ಎಂಬಂತೆ, "ಬರಾಕೆ ಇನ್ನೂ ಟೈಮ್ ಐತೆ, ಹೋಗವ್ವಾ, ಹೋಗು" ಎಂದು ಅವಸರ ಮಾಡಿದ.

ಶೈಲಾ ಓಡಿ ಎದ್ದಳು. ಒಂದು ಸುತ್ತು ಹಾಕಿ, ಗಾಳಿಗೆ ಎದುರಾಗಿ ಪಟ್ಟಿಗೆ ಇಳಿದಳು. ಪಾದ ಚಪ್ಪಟೆ ತಾಗಿತು. ಅಂಗಾಲಿನಡಿ ಕಾಳಿನ ಗುರುಗುರು ಶುರುವಾಯಿತು. ಇದು ಅವಳಿಗೆ ಗೊತ್ತಿದ್ದ ನೆಲ. ಕಾಳು ಯಾರದಾದರೇನು, ಕಾಲಿಗೆ ಅದೇ ಕಾಳು. ದೂರದಲ್ಲಿ ನೋಡಿದರೆ ಜನ ಓಡುತ್ತಿದ್ದಾರೆ. ಹೇಮಾವತಿ ಕೊಡೆ ಎಸೆದು ಎದ್ದು ನಿಂತಿದ್ದಾಳೆ. ಅವಳ ಕಡೆಯ ಹೆಂಗಸರು ಮರದ ಹಲಗೆ ಹಿಡಿದು ಬದಿಯಿಂದ ಜೋಳ ನೂಕತೊಡಗಿದ್ದಾರೆ. ಶೈಲಾ ಕಾಲು ನೋಡಲಿಲ್ಲ. ಬಾವುಟವನ್ನೂ ನೋಡಲಿಲ್ಲ.

ಮಳೆಗಿಂತ ಮುಂದೆ ಬರುವ ತಣ್ಣನೆಯ ಗಾಳಿ ಆಗ ಬಂದು ರೆಕ್ಕೆಯ ಕೆಳಗೆ ಕೈಹಾಕಿತು. ಏಳುತ್ತೇನೆಂದು ಅವಳಿಗೆ ಮೊದಲೇ ತಿಳಿಯಿತು, ಎಕ್ಸಲೇಟರ್ ಬಿಟ್ಟಳು, ಆದರೂ ಗಾಳಿ ಒಂದು ಗಳಿಗೆ ಅವಳಿಗಿಂತ ಮುಂದಿತ್ತು. ಅಂಗಾಲಿನ ಗುರುಗುರು ನಿಂತಿತು. ಕಣ್ಣು ಮಿಟುಕಿಸುವಷ್ಟು ಹೊತ್ತು, ಅಷ್ಟೇ. ಮತ್ತೆ ತಾಗಿತು. ಪಟ್ಟಿಯ ಕೊನೆಯವರೆಗೂ ತಾಗಿಕೊಂಡೇ ಹೋಗಿ ಅವಳು ಎಂಜಿನ್ನು ಆರಿಸಿ ನಿಂತಳು.

ಗುರುಸ್ವಾಮಿ ಕುಣಿದ. ಗೋಣೆಪ್ಪ ಸೆಲ್ಯೂಟ್ ಹೊಡೆದ. ಮಲ್ಲೇಶಪ್ಪ ಕೈ ಅಡ್ಡ ಹಿಡಿದು ಕೂಗಿದ: "ಯಾರೂ ಜ್ವಾಳ ಮುಟ್ಟಬ್ಯಾಡ್ರಿ! ಸಾಲು ನೋಡ್ಬೇಕು ನಾನು! ನೋಡಿದ ಮೇಲೇ ತೀರ್ಪು!"

"ಮಳೆ ತೀರ್ಪು ಕೊಟ್ಟಾತು ರೀ!" ಎಂದು ಹೇಮಾವತಿ ಹಲಗೆ ಎತ್ತಿದಳು.

ಸೊಸೆಯ ಪಂದ್ಯ ನೋಡಲು ಬಂದಿದ್ದ ಗಾದ್ರಮ್ಮ ಇಬ್ಬರ ನಡುವೆ ಬಂದು ನಿಂತಳು. ಅವಳು ಜೀವಮಾನವೆಲ್ಲ ಸಾಲು ನೋಡಿದವಳು, ಮಳೆಯನ್ನೂ ನೋಡಿದವಳು. "ಸ್ವಾಮಿ, ನೀವು ಮುಂದೆ ನೋಡ್ತಾ ಹೋಗ್ರಿ. ನಾವು ಹಿಂದೆ ನೂಕ್ತಾ ಬರ್ತೀವಿ. ನಿಲ್ಲಬ್ಯಾಡ್ರಿ ಅಷ್ಟೇ."

ಹಾಗೆ ಶುರುವಾಯಿತು. ಮಲ್ಲೇಶಪ್ಪ ಪಟ್ಟಿ ಶುರುವಾಗುವ ತುದಿಯಿಂದ ಬಗ್ಗಿ ಸಾಲು ನೋಡುತ್ತ ಹೊರಟ. ಹಿಂದೆ ಆರೇಳು ಹೆಂಗಸರು ಹಲಗೆಗಳಿಂದ ಜೋಳ ನೂಕುತ್ತ, ಅವನ ಹಿಮ್ಮಡಿಗೆ ತಾಗುವಷ್ಟು ಹತ್ತಿರ. ಅವನು ನಿಧಾನಿಸಿದರೆ ಹಲಗೆ ಬಡಿಯುತ್ತಿತ್ತು.

"ನೋಡಿದ್ರಾ? ಮುಂದೆ!"

"ಅಮ್ಮಾ, ಒಂದು ನಿಮಿಷ..."

"ನಿಮಿಷ ಇಲ್ಲ ರೀ, ಮುಂದೆ!"

ತೀರ್ಪುಗಾರ ಬಗ್ಗಿಕೊಂಡೇ ಓಡತೊಡಗಿದ. ಟೋಪಿ ಹೋಯಿತು, ಸೀಟಿ ಹೋಯಿತು. ಅವನ ಹಿಂದೆ ಸಾಲು ಅಳಿಸಿಹೋಗುತ್ತ, ರಾಶಿ ಬೆಳೆಯುತ್ತ ಬಂತು. ನಡುವೆ ಒಂದು ಕಡೆ ಅವನು ದೊಪ್ಪನೆ ಮುಖ ಅಡಿಯಾಗಿ ಬಿದ್ದದ್ದನ್ನು ಎಲ್ಲರೂ ನೋಡಿದರು. ಹೆಂಗಸರು ಸುತ್ತುಬಳಸಿ ಹೋಗಲಿಲ್ಲ, ಜೋಳದ ಜೊತೆಗೆ ಅವನನ್ನೂ ಒಂದಿಷ್ಟು ದೂರ ನೂಕಿದರು. ಎದ್ದು ಮತ್ತೆ ಓಡಿದ.

ಮೊದಲ ಹನಿ ಬಿತ್ತು. ಹೇಮಾವತಿಯ ಹತ್ತಿರ ಇದ್ದದ್ದು ಒಂದೇ ತಾಡಪಾಲು, ರಾಶಿಗಳು ನಾಲ್ಕು. ಅವಳು ಸುತ್ತ ನೋಡಿದಳು. ಬಯಲ ತುಂಬ ಬಣ್ಣಬಣ್ಣದ ರೆಕ್ಕೆಗಳು ಬಿದ್ದುಕೊಂಡಿದ್ದವು. ಯಾರೂ ಯಾರನ್ನೂ ಕೇಳಲಿಲ್ಲ. ಕೊಟ್ರೇಶನ ಹೊಸ ರೆಕ್ಕೆ ಒಂದು ರಾಶಿಯ ಮೇಲೆ ಹೋಯಿತು. "ಅದು ಹೊರದೇಶದ್ದು!" ಎಂದು ಅವನು ಕೂಗಿದ. "ನಮ್ಮ ಜ್ವಾಳಕ್ಕೇನು ಭೇದ ಇಲ್ಲಪ್ಪಾ" ಎಂದಳು ಹೇಮಾವತಿ. ಶೈಲಾ ಇನ್ನೂ ದಾರ ಬಿಚ್ಚುವಷ್ಟರಲ್ಲಿ ಗಾದ್ರಮ್ಮ ಅವಳ ರೆಕ್ಕೆಯನ್ನು ಎಳೆದುಕೊಂಡು ಕೊನೆಯ ರಾಶಿಗೆ ಹೊದಿಸಿದಳು. ಗಾಳಿ ರೆಕ್ಕೆಯನ್ನು ಎಬ್ಬಿಸುತ್ತಿತ್ತು. ಹಾರಲು ಹುಟ್ಟಿದ ಬಟ್ಟೆ, ಸುಮ್ಮನೆ ಮಲಗುತ್ತದೆಯೇ? ಸುತ್ತ ನಿಂತು ಎಲ್ಲರೂ ಒಂದೊಂದು ಅಂಚು ಹಿಡಿದುಕೊಂಡರು. ಶೈಲಾ, ಗುರುಸ್ವಾಮಿ, ಗಾದ್ರಮ್ಮ, ಹೇಮಾವತಿ, ಗೋಣೆಪ್ಪ, ಕೊಟ್ರೇಶ್, ಜೊತೆಗೆ ಮೈತುಂಬ ಕಾಳು ಅಂಟಿಸಿಕೊಂಡ ಮಲ್ಲೇಶಪ್ಪ. ಮಳೆ ಧೋ ಎಂದು ಸುರಿಯಿತು.

"ತೀರ್ಪು ಹೇಳ್ರಿ ಸಾರ್" ಎಂದ ಗುರುಸ್ವಾಮಿ.

ಮಲ್ಲೇಶಪ್ಪ ಮೂಗಿನಿಂದ ನೀರು ಊದಿದ. "ಮೊದ್ಲು ಹಾರಿದೋರು ಹೇಳ್ಲಿ. ಕಾಲು ನೆಲ ಬಿಡ್ತೋ, ಇಲ್ಲೋ?"

"ಎಲ್ಲಿ ಬಿಡ್ತದೆ?" ಎಂದಳು ಗಾದ್ರಮ್ಮ. "ನಾನು ತಯಾರು ಮಾಡಿದ ಕಾಲು ಅದು. ಬರ್ಕೊಳ್ರಿ, ಬಿಟ್ಟಿಲ್ಲ."

ಗುರುಸ್ವಾಮಿಯೂ ತಲೆಯಾಡಿಸಿದ. ಗೋಣೆಪ್ಪ ಕೆಮ್ಮಿದ. ಶೈಲಾ ಸುಮ್ಮನಿದ್ದರೆ ಸಾಕಿತ್ತು. ಸಾಲು ಅಳಿಸಿಹೋಗಿದೆ. ಬಾವುಟ ಯಾವ ರಾಶಿಯೊಳಗಿದೆಯೋ. ಗಾಳಿ ಎತ್ತಿದ್ದು ಬಾವುಟಕ್ಕಿಂತ ಮೊದಲೋ ಆಮೇಲೋ ಅವಳಿಗೇ ಗೊತ್ತಿಲ್ಲ. ಮೊದಲಾಗಿದ್ದರೆ ಕೊಟ್ರೇಶ್ ಗೆದ್ದ, ಫ್ಯಾನು ಕಂಬಕ್ಕೆ. ಸುಮ್ಮನಿದ್ದರೆ ಗೆಲುವು. ಆದರೆ ಎಂಜಿನ್ನು ಗಂಡನದಾಯಿತು, ಉಪಾಯ ಅತ್ತೆಯದಾಯಿತು. ಈ ಗೆಲುವೂ ಅತ್ತೆಯ ಬಾಯಿಂದಲೇ ಬಂದರೆ ತನ್ನದು ಅಂತ ಉಳಿಯುವುದೇನು? ಆ ಒಂದು ಗಳಿಗೆ ನೆಲ ಬಿಟ್ಟದ್ದು ಗೊತ್ತಿರುವವಳು ಲೋಕದಲ್ಲಿ ತಾನೊಬ್ಬಳೇ. ಅದಾದರೂ ತನ್ನದು.

"ಬಿಡ್ತು ಸಾರ್" ಎಂದಳು. "ಒಂದು ಮಾರು ಬಿಟ್ಟಿದ್ದೀನಿ."

"ಲೇ ಶೈಲಾ!" ಎಂದ ಗುರುಸ್ವಾಮಿ.

"ಒಂದು ಮಾರು ತಿರುವದೇ ಬಿಟ್ಟೆಯಾ?" ಎಂದು ಹೇಮಾವತಿ ನೊಂದುಕೊಂಡಳು.

ಮಲ್ಲೇಶಪ್ಪನ ಮುಖ ಅರಳಿತು. "ಅಷ್ಟು ಸಾಕು. ಇಲ್ಲ ಅಂದಿದ್ರೆ ಹೆಸರೇ ಹೊಡೆದುಹಾಕ್ತಿದ್ದೆ. ಯಾಕಂದ್ರೆ ನಾನು ನೋಡೀನಿ. ಓಡ್ತಾ ಇದ್ದೆ ನೋಡ್ರಿ, ಕೊಟ್ರೇಶನ ಬಾವುಟ ಕಾಲಿಗೆ ತೊಡರ್ತು. ಬಿದ್ದೆ. ಕಣ್ಣು ಬಿಟ್ರೆ ನನ್ನ ಮೂಗಿನ ಮುಂದೆ ಕಾಳು ಹಂಗೇ ಮಲಗಿದ್ವು. ಸಾಲು ಕಡಿದಿತ್ತು. ಅಂದ್ರೆ ಬಾವುಟ ನನ್ನ ಪಾದದ ಹತ್ರ, ಕಡಿದ ಜಾಗ ನನ್ನ ಮೂಗಿನ ಹತ್ರ. ನಾನು ಬಿದ್ದಷ್ಟು ಉದ್ದ ಈಕೆ ಮುಂದೆ."

ಕೊಟ್ರೇಶ್ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದು ನೋಡಿದ. "ಸಾರ್, ನೀವು ಎಷ್ಟು ಎತ್ತರ ಇದ್ದೀರಿ?"

"ಐದಡಿ ಮೂರಿಂಚು."

"ಕೈ ಚಾಚಿ ಬಿದ್ರಾ, ಮಡಚಿ ಬಿದ್ರಾ?"

"ಮೂಗಿನ ಲೆಕ್ಕ ಹೇಳ್ತಿದ್ದೀನಪ್ಪ ನಾನು, ಕೈದಲ್ಲ!"

"ಹಂಗಾದ್ರೆ ಐದಡಿಗೂ ಕಮ್ಮಿ" ಎಂದ ಕೊಟ್ರೇಶ್. ಆಮೇಲೆ ನಗುತ್ತ ಶೈಲಾಳ ಕಡೆ ತಿರುಗಿದ. "ಅಕ್ಕಾ, ಕುಳ್ಳ ತೀರ್ಪುಗಾರರೊಬ್ಬರಷ್ಟು ಉದ್ದದಾಗೆ ಸೋತೆ ನಾನು. ಎತ್ತರದೋರು ಬಂದಿದ್ರೆ ಇನ್ನೂ ಜಾಸ್ತಿ ಸೋಲ್ತಿದ್ದೆ. ಪುಣ್ಯ."

"ಶೈಲಾ ಗುರುಸ್ವಾಮಿ, ಜಗಳೂರು" ಎಂದು ಮಲ್ಲೇಶಪ್ಪ ಮಳೆಗೆ ಕೇಳಿಸುವ ಹಾಗೆ ಕೂಗಿದ. "ದೊಡ್ಡ ಪಂದ್ಯಕ್ಕೆ ಆಯ್ಕೆ!"

"ಎಂಜಿನ್ನು..." ಎಂದು ಗುರುಸ್ವಾಮಿ ಬಾಯಿ ತೆಗೆದ. ಗಾದ್ರಮ್ಮ ಮೊಣಕೈಯಲ್ಲಿ ಅವನ ಪಕ್ಕೆಗೆ ತಿವಿದಳು. "ಬಾಯಿ ಮುಚ್ಚಲೋ. ಹಾರಿದಾಕಿ ಆಕಿ."

ಶೈಲಾಳಿಗೆ ಎರಡೂ ಕೈ ಮೇಲೆತ್ತಿ ಕೂಗಬೇಕೆನಿಸಿತು. ಬಯಲಿನ ಆ ತುದಿಗೆ ಓಡಬೇಕೆನಿಸಿತು. ರೆಕ್ಕೆಯ ಅಂಚು ಒಂದಿಷ್ಟು ಸಡಿಲವಾಯಿತು.

"ಏಯ್ ಹುಡುಗಿ, ಕೈ ಬಿಡಬ್ಯಾಡ! ಜ್ವಾಳ ನೆನೀತದೆ!" ಎಂದಳು ಹೇಮಾವತಿ.

ಶೈಲಾ ಅಂಚನ್ನು ಮತ್ತೆ ಬಿಗಿಯಾಗಿ ಹಿಡಿದುಕೊಂಡು, ಮಳೆಗೆ ಮುಖ ಕೊಟ್ಟು, ನಿಂತಲ್ಲೇ ನಿಂತು, ಗಟ್ಟಿಯಾಗಿ ನಕ್ಕಳು.